ನ್ಯೂಟ್ರಾನ್ ಆಯಸ್ಸು: 878 ಸೆಕೆಂಡೋ, 888 ಸೆಕೆಂಡೋ?

ಪರಮಾಣುವಿನಿಂದ ಹೊರಬಿದ್ದ ಒಂಟಿ ನ್ಯೂಟ್ರಾನ್ ಕಣದ ಸರಾಸರಿ ಆಯಸ್ಸು ಒಂದು ಕಡೆ 878 ಸೆಕೆಂಡ್, ಇನ್ನೊಂದು ಕಡೆ 888 ಅಂತಿದೆ, ಯಾವುದು ಅಚ್ಚಿನ ತಪ್ಪು ಅಂತ ಕೇಳಿದ್ದೀರಿ. ಎರಡೂ ಅಚ್ಚಿನ ತಪ್ಪಲ್ಲ. ಅಳೆಯುವ ದಾರಿಯೇ ಬೇರೆ. ಮೊದಲನೆಯದರಲ್ಲಿ ತೀರಾ ನಿಧಾನವಾದ ನ್ಯೂಟ್ರಾನ್‌ಗಳನ್ನು ಬಾಟಲಿಯಂಥ ಬಲೆಯಲ್ಲಿ ಕೂಡಿಹಾಕಿ, ಸ್ವಲ್ಪ ಹೊತ್ತು ಬಿಟ್ಟು ಎಷ್ಟು ಉಳಿದಿವೆ ಅಂತ ಎಣಿಸುತ್ತಾರೆ. ಎರಡನೆಯದರಲ್ಲಿ, ಹರಿಯುವ ನ್ಯೂಟ್ರಾನ್‌ಗಳು ಒಡೆದಾಗ ಹುಟ್ಟುವ ಪ್ರೋಟಾನ್‌ಗಳನ್ನು ಎಣಿಸುತ್ತಾರೆ. ಒಂದು ಬದುಕಿದವರ ಲೆಕ್ಕ, ಇನ್ನೊಂದು ಸತ್ತವರ ಲೆಕ್ಕ. ಎರಡೂ ತಾಳೆ ಆಗಬೇಕು, ಅಲ್ವಾ? ಆಗುತ್ತಿಲ್ಲ.

ನೂರಕ್ಕೊಂದು ನ್ಯೂಟ್ರಾನ್ ಪ್ರೋಟಾನ್ ಕೊಡದೆ, ಕಣ್ಣಿಗೆ ಬೀಳದ ಡಾರ್ಕ್ ಕಣವಾಗಿ ಜಾರಿಕೊಳ್ಳುತ್ತಿರಬಹುದು ಅಂತ 2018ರಲ್ಲಿ ಭೌತವಿಜ್ಞಾನಿಗಳಾದ ಫೋರ್ನಾಲ್ ಮತ್ತು ಗ್ರಿನ್‌ಸ್ಟೀನ್ ಸೂಚಿಸಿದರು. ಹಾಗಾದರೆ ಸತ್ತವರ ಲೆಕ್ಕ ಕಡಿಮೆ ಬಂದು, ಆಯಸ್ಸು ಹೆಚ್ಚು ಕಾಣುತ್ತದೆ. ಕೇಳೋಕೆ ಚೆಂದ. ಆದರೆ ಎರಡನೇ ಪ್ರಯೋಗದಲ್ಲಿ ಕೆಲವು ಪ್ರೋಟಾನ್‌ಗಳು ಸುಮ್ನೆ ಎಣಿಕೆ ತಪ್ಪಿಸಿಕೊಳ್ಳುತ್ತಿವೆಯೇನೋ ಅನ್ನೋ ಗುಮಾನಿಯೇ ನನಗೆ ಜಾಸ್ತಿ.