ಪೆನಾಂಗಿನ ಧ್ವಜ ಇಳಿಸಿದವರು

ಮಾನ್ಯರೆ,

1942ರಲ್ಲಿ ಗಾಂಧೀಜಿ ತಮ್ಮ ‘ಹರಿಜನ’ ಪತ್ರಿಕೆಯಲ್ಲಿ ಬರೆದ ಲೇಖನಗಳನ್ನು ಕುರಿತ ನಮ್ಮ ಬರಹಕ್ಕೆ ತಾವು ಕಳುಹಿಸಿದ ಆಕ್ಷೇಪ ತಲುಪಿದೆ. ಮಲಯ, ಸಿಂಗಪುರ, ಬರ್ಮಾಗಳಲ್ಲಿ ಬ್ರಿಟಿಷರು ಜಪಾನೀಯರಿಗೆ ಸೋತದ್ದು ವಿಮಾನ, ಟ್ಯಾಂಕುಗಳ ಕೊರತೆಯಿಂದ. ಅದಕ್ಕೆ ಆಳ್ವಿಕೆಯ ರೀತಿಯನ್ನು ಕಾರಣವಾಗಿಸುವುದು ಆಳಿಸಿಕೊಂಡವರ ಮುನಿಸೇ ಹೊರತು ಇತಿಹಾಸವಲ್ಲ ಎಂಬುದು ತಮ್ಮ ವಾದ.

ಅದರ ಮೊದಲರ್ಧಕ್ಕೆ ನಮ್ಮ ತಕರಾರಿಲ್ಲ. 1941ರ ಡಿಸೆಂಬರ್ 10ರಂದು ‘ಪ್ರಿನ್ಸ್ ಆಫ್ ವೇಲ್ಸ್’ ಮತ್ತು ‘ರಿಪಲ್ಸ್’ ಎಂಬ ಬ್ರಿಟಿಷ್ ಯುದ್ಧನೌಕೆಗಳು ಜಪಾನೀ ವಿಮಾನಗಳ ದಾಳಿಗೆ ಮುಳುಗಿದ ಮೇಲೆ ಮಲಯದ ಕಡಲೂ ಕೈತಪ್ಪಿತ್ತು. ಆದರೆ ಅದೇ ತಿಂಗಳ ನಡುವೆ ಮಲಯದ ಪಶ್ಚಿಮ ಕರಾವಳಿಯ ದ್ವೀಪ ಪೆನಾಂಗಿನಲ್ಲಿ ನಡೆದುದು ಶಸ್ತ್ರಾಸ್ತ್ರಗಳ ಲೆಕ್ಕದಲ್ಲಿ ಮುಗಿಯುವಂಥದಲ್ಲ. ಬಾಂಬು ಬಿದ್ದ ಕೆಲವೇ ದಿನಗಳಲ್ಲಿ ಅಲ್ಲಿನ ಯುರೋಪಿಯನ್ನರನ್ನು ಗುಟ್ಟಾಗಿ ಸಾಗಿಸಿದ ಸರ್ಕಾರ, ಚೀನೀ, ಮಲಯ, ಭಾರತೀಯ ನಿವಾಸಿಗಳನ್ನು ಅವರ ಪಾಡಿಗೆ ಬಿಟ್ಟಿತು. ಕೋಟೆಯ ಮೇಲೆ ಹಾರುತ್ತಲೇ ಇದ್ದ ಬ್ರಿಟಿಷ್ ಧ್ವಜವನ್ನು ಕೊನೆಗೆ ಇಳಿಸಿದವರು ಸಿಲೋನ್ ಮೂಲದ ಪತ್ರಿಕಾ ಸಂಪಾದಕ ಎಂ. ಶರವಣಮುತ್ತು. (ನಮ್ಮ ವೃತ್ತಿಯವರ ಪಾಲಿಗೆ ಇಂಥ ಕೆಲಸವೂ ಬರುವುದುಂಟು.) ಇತ್ತ ಸಿಂಗಪುರದ ಬಾನುಲಿಯಲ್ಲಿ ಬ್ರಿಟಿಷ್ ಸಚಿವ ಡಫ್ ಕೂಪರ್, ಪೆನಾಂಗಿನ ಬಹುಪಾಲು ಜನರನ್ನು ಸುರಕ್ಷಿತವಾಗಿ ತೆರವು ಮಾಡಲಾಗಿದೆ ಎಂಬರ್ಥದ ಮಾತನಾಡಿದರು. ಆ ‘ಜನ’ದಲ್ಲಿ ತಾವು ಸೇರಿಲ್ಲವೆಂಬುದು ಕೇಳಿದ ಏಷ್ಯನ್ನರಿಗೆಲ್ಲ ತಿಳಿಯಿತು.

ಬರ್ಮಾದಿಂದ ಕಾಲ್ನಡಿಗೆಯಲ್ಲಿ ಬಂದ ಭಾರತೀಯರು ದಾರಿಯಲ್ಲಿ ಅನ್ನ ನೀರಿಲ್ಲದೆ ಸತ್ತಾಗ, ಬಿಳಿಯರಿಗೊಂದು ದಾರಿ, ಕರಿಯರಿಗೊಂದು ದಾರಿ ಇತ್ತೆಂದು ಗಾಂಧೀಜಿ ಬರೆದದ್ದು ಈ ಹಿನ್ನೆಲೆಯಲ್ಲಿ. 1942ರ ಜುಲೈ 14ರ ವಾರ್ಧಾ ನಿರ್ಣಯದಲ್ಲಿ ಕಾಂಗ್ರೆಸ್ಸು ಹೇಳಿದ್ದೂ ಮಲಯ, ಸಿಂಗಪುರ, ಬರ್ಮಾಗಳ ಅನುಭವ ಭಾರತಕ್ಕೆ ಬೇಡವೆಂದೇ.

ಅದೇ ಸಾಮ್ರಾಜ್ಯದ ಭಾರತೀಯ ಸೈನಿಕರು 1944ರಲ್ಲಿ ಕೊಹಿಮಾ, ಇಂಫಾಲಗಳಲ್ಲಿ ಜಪಾನೀಯರ ವಿರುದ್ಧ ಗೆದ್ದರಲ್ಲ ಎಂದು ತಾವು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ ಅದು. ಪ್ರಜೆಗಳ ಬೇಸರವೊಂದರಿಂದಲೇ ಸೇನೆ ಸೋಲುವುದಿಲ್ಲವೆಂದು ಅದು ತೋರಿಸುತ್ತದೆ. ಆದರೆ ಗಾಂಧೀಜಿ ವಿವರಿಸಹೊರಟದ್ದು ಕಾಳಗದ ಸೋಲನ್ನಲ್ಲ. ಶತ್ರು ಬಾಗಿಲಿಗೆ ಬಂದಾಗ ಈ ಸರ್ಕಾರ ಯಾರನ್ನು ಕಾಯುತ್ತದೆ ಎಂಬುದು ಅವರ ಪ್ರಶ್ನೆ, ಮತ್ತು ಆ ಪ್ರಶ್ನೆಯಲ್ಲಿ ಅವರು ಎಡವಿದರೆಂದು ನಮಗನ್ನಿಸುವುದಿಲ್ಲ. ಜಪಾನೀಯರ ಕೈಗೆ ಸಿಗಬಾರದೆಂದು 1942ರಲ್ಲೇ ಬಂಗಾಳದ ಕರಾವಳಿಯಲ್ಲಿ, ಹತ್ತು ಜನಕ್ಕಿಂತ ಹೆಚ್ಚು ಹಿಡಿಸುವ ದೋಣಿಗಳನ್ನು ಸರ್ಕಾರ ಕಿತ್ತುಕೊಂಡಿತು. ಪೂರ್ವ ಬಂಗಾಳದವರಿಂದ ದೋಣಿ ಕಸಿಯುವುದು ಅವರ ಅಂಗಗಳನ್ನೇ ಕಡಿದಂತೆ ಎಂದು ಗಾಂಧೀಜಿ ಆಗಲೇ ಎಚ್ಚರಿಸಿದ್ದರು. ಆ ನದಿಗಳಿಗೆ ಜಪಾನೀ ಸೇನೆ ಬರಲೇ ಇಲ್ಲ. ಬಂದದ್ದು 1943ರ ಕ್ಷಾಮ, ಅದಕ್ಕೆ ಬಲಿಯಾದವರಲ್ಲಿ ಮೀನುಗಾರರು ಅನೇಕರಿದ್ದರು.

— ಸಂಪಾದಕ