ಪುಕ್ಕಟೆ ವೈಫೈ ಪಿನ್ ಕೇಳಿದರೆ

ಪ್ರಶ್ನೆ: ರಾಯಚೂರು ರೈಲ್ವೆ ಸ್ಟೇಷನ್ನಿನಲ್ಲಿ ಕೂತಾಗ ಫೋನಿನಲ್ಲಿ ‘ರೈಲ್‌ವೈರ್’ ಜೊತೆಗೆ ‘ರೈಲ್‌ವೈರ್ ಫ್ರೀ’ ಅಂತಲೂ ಕಾಣಿಸಿತು. ಎರಡನೆಯದು ಆಧಾರ್ ನಂಬರ್, ಎಟಿಎಂ ಪಿನ್ ಕೇಳಿತು. ಕೊಡಬಹುದೇ?
– ವಿದ್ಯಾರ್ಥಿನಿ, ರಾಯಚೂರು

ಖಂಡಿತ ಬೇಡ. ರೈಲ್ವೆಯದೇ ಸಂಸ್ಥೆ ರೈಲ್‌ಟೆಲ್ ನಡೆಸುವ ಅಸಲಿ ರೈಲ್‌ವೈರ್‌ನ 30 ನಿಮಿಷದ ಪುಕ್ಕಟೆ ಬಳಕೆಗೆ ಮೊಬೈಲ್ ನಂಬರ್, ಒಟಿಪಿ ಸಾಕು. ಎಟಿಎಂ ಪಿನ್ನಿಗೂ ವೈಫೈಗೂ ಏನು ಸಂಬಂಧ?

ಇನ್ನು, ಹೆಸರು ಸರಿಯಿದ್ದ ಮಾತ್ರಕ್ಕೆ ನಂಬುವಂತಿಲ್ಲ. ಪಕ್ಕದ ಬೆಂಚಿನಲ್ಲಿ ಕೂತವನೂ ತನ್ನ ಹಾಟ್‌ಸ್ಪಾಟ್‌ಗೆ ಅದೇ ಹೆಸರಿಡಬಹುದು. ಪಾಸ್‌ವರ್ಡ್ ಇಲ್ಲದ ನೆಟ್‌ವರ್ಕಿಗೆ ಒಮ್ಮೆ ಸೇರಿದ ಫೋನು ಮುಂದಿನ ಸಲ ಹೆಸರು ನೋಡಿಯೇ ತಾನಾಗಿ ಸೇರಿಕೊಳ್ಳುತ್ತದೆ. ಯಾರ ಸಿಗ್ನಲ್ ಜೋರೋ ಅವರ ಕಡೆ ವಾಲುತ್ತದೆ. ಕೆಲಸ ಮುಗಿದೊಡನೆ ಸೆಟ್ಟಿಂಗ್ಸ್‌ನ ವೈಫೈ ಪಟ್ಟಿಯಲ್ಲಿ ಆ ಹೆಸರು ಒತ್ತಿ ‘ಫರ್ಗೆಟ್’ ಮಾಡಿ.

ಬ್ಯಾಂಕ್ ಆ್ಯಪ್ ತೆರೆದರೆ ಗಾಳಿಯಲ್ಲೇ ಪಾಸ್‌ವರ್ಡ್ ಕದಿಯುತ್ತಾರೆಂಬ ಭಯ ತುಸು ಅತಿ. ಆ ಮಾಹಿತಿ ಗೂಢಲಿಪಿಯಲ್ಲಿ ಹೋಗುತ್ತದೆ. ಕಳ್ಳ ಕಾಯುವುದು ಲಾಗಿನ್ ಪುಟದಲ್ಲಿ ನೀವೇ ತುಂಬಿಕೊಡುವ ವಿವರಕ್ಕೆ. ಒಟಿಪಿಯದೂ ಇದೇ ಆಟ. ನೀವು ನಂಬರ್ ಕೊಟ್ಟ ಕ್ಷಣವೇ ಅವನು ಅದರಿಂದ ವಾಟ್ಸಾಪ್ ತೆರೆಯಲು ಹೋದರೆ ನಿಮಗೆ ಬರುವುದು ವಾಟ್ಸಾಪ್ ಕೋಡ್. ಅದನ್ನು ಪುಟದಲ್ಲಿ ಬರೆದರೆ ನಿಮ್ಮ ವಾಟ್ಸಾಪ್ ಅವನ ಕೈಗೆ. ಅಂಕಿ ಬರೆಯುವ ಮುಂಚೆ ಮೆಸೇಜು ಯಾರದು, ಯಾತಕ್ಕೆ ಎಂದು ಪೂರ್ತಿ ಓದಿ. ಎಪಿಕೆ ಫೈಲ್ (ಪ್ಲೇ ಸ್ಟೋರಿನ ಹೊರಗಿಂದ ಬರುವ ಆ್ಯಪ್) ಹಾಕಿಕೊಳ್ಳಿ ಎಂದರಂತೂ ವೈಫೈ ಆಫ್ ಮಾಡಿ ಎದ್ದುಬಿಡಿ.

ಪ್ರಶ್ನೆ: ಬಸ್‌ಸ್ಟ್ಯಾಂಡಿನ ವೈಫೈ ಪುಟವೊಂದರಲ್ಲಿ ಆಧಾರ್ ನಂಬರ್, ಕಾರ್ಡ್ ನಂಬರ್, ಪಿನ್ ಎಲ್ಲ ಬರೆದುಬಿಟ್ಟೆ. ಈಗೇನು ಮಾಡಲಿ?
– ಓದುಗರು, ಕೊಪ್ಪಳ

ಮೊದಲು ವೈಫೈ ಆಫ್ ಮಾಡಿ, ಮೊಬೈಲ್ ಡೇಟಾದಲ್ಲಿ ಬ್ಯಾಂಕ್ ಆ್ಯಪ್ ತೆರೆದು ಕಾರ್ಡ್ ಬ್ಲಾಕ್ ಮಾಡಿ. ದುಡ್ಡು ಹೋಗಿದ್ದರೆ ನಾಳೆ ನೋಡೋಣ ಎನ್ನದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಹಣ ಖಾತೆಯಿಂದ ಖಾತೆಗೆ ದಾಟಿ ನಗದಾದರೆ ತಡೆಯುವುದು ಕಷ್ಟ. ಬ್ಯಾಂಕಿಗೂ ದೂರು ಕೊಟ್ಟು ದೂರಿನ ನಂಬರ್ ಪಡೆಯಿರಿ. ಪಿನ್ ನೀವೇ ಕೊಟ್ಟಿದ್ದರಿಂದ, ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆಯಂತೆ ದೂರು ಕೊಡುವ ತನಕದ ನಷ್ಟ ನಿಮ್ಮದು, ಆಮೇಲಿನದು ಬ್ಯಾಂಕಿನದು.

ಆಧಾರ್‌ಗೆ ಅದರ ಅಧಿಕೃತ ಆ್ಯಪ್‌ನಲ್ಲಿ ಬಯೋಮೆಟ್ರಿಕ್ ಲಾಕ್ ಹಾಕಿ. ನಕಲಿ ಹೆಬ್ಬೆಟ್ಟಿನಿಂದ ಹಣ ತೆಗೆಯುವ ದಾರಿ ಮುಚ್ಚುತ್ತದೆ. ಆದರೆ ರೇಷನ್ನಿಗೆ ಹೋಗುವ ದಿನ ಅನ್‌ಲಾಕ್ ಮಾಡಲು ಮರೆತರೆ ನಿಮ್ಮದೇ ಹೆಬ್ಬೆಟ್ಟನ್ನೂ ಮಷೀನು ಒಪ್ಪುವುದಿಲ್ಲ. ಕೇಂದ್ರ ಸರ್ಕಾರದ ಸಂಚಾರ್ ಸಾಥಿ ಪೋರ್ಟಲ್‌ನಲ್ಲಿ ನಿಮ್ಮ ಹೆಸರಿನ ಸಿಮ್‌ಗಳ ಪಟ್ಟಿ ಸಿಗುತ್ತದೆ. ಗೊತ್ತಿಲ್ಲದ ನಂಬರ್ ಕಂಡರೆ ‘ನನ್ನದಲ್ಲ’ ಎಂದು ಗುರುತು ಹಾಕಿ ವರದಿ ಮಾಡಿ.