ಆ ಟೇಬಲ್ ತೆಗೀಬೇಡಿ ಡಾಕ್ಟ್ರೇ

ಈ ತಿಂಗಳು ಬಂದ ಪತ್ರಗಳಲ್ಲಿ ಅರ್ಧ ಅಡಿಕೆಯ ಎಲೆಚುಕ್ಕಿ ರೋಗದ್ದು. ಕಾಲು ಭಾಗ ಕಳೆದ ಸಂಚಿಕೆಯ ಕವನ ಅರ್ಥ ಆಗ್ಲಿಲ್ಲ ಅಂತ, ಅದು ನನಗೂ ಆಗಿರ್ಲಿಲ್ಲ ಬಿಡಿ. ಉಳಿದದ್ರಲ್ಲಿ ಒಂದು ಪತ್ರ ಮಾತ್ರ ಮೂರು ದಿನದಿಂದ ಮೇಜಿನ ಮೇಲೇ ಉಂಟು, ಫೈಲಿಗೆ ಹಾಕ್ಲಿಕ್ಕೆ ಮನಸ್ಸಾಗ್ತಿಲ್ಲ. ಬರೆದವರು ನಮ್ಮ ಕಾಸರಗೋಡು ಜಿಲ್ಲೆಯ ಎಣ್ಮಕಜೆ ಕಡೆಯ ಹೆಣ್ಣುಮಗಳು, ದೂರದ ಒಂದು ಮೆಡಿಕಲ್ ಕಾಲೇಜಿನಲ್ಲಿ ಕಮ್ಯುನಿಟಿ ಮೆಡಿಸಿನ್ ಪಾಠ ಮಾಡ್ತಾರೆ, ಹೆಸರು ಹಾಕ್ಬೇಡಿ ಅಂದಿದ್ದಾರೆ. ಅವರು ಬರೆದದ್ದು ಇಷ್ಟು:

"ಸರ್, ನಾವು ಗಡಿಭಾಗದ ಕೆಲವು ಹಳ್ಳಿಗಳಲ್ಲಿ ಅಂಗವೈಕಲ್ಯದ ಸರ್ವೆ ಮಾಡಿದ್ವಿ. ಅದ್ರಲ್ಲಿ ಒಂದು ಟೇಬಲ್, ಸರ್ಟಿಫಿಕೇಟಿಗೆ ಅರ್ಜಿ ಹಾಕಿ ಎರಡು ವರ್ಷ ಆದ್ರೂ ಸಿಗದವರ ಲೆಕ್ಕ. ಪೇಪರ್ ಜರ್ನಲಿಗೆ ಕಳಿಸುವ ಮೊದಲು ವಿಭಾಗದ ಮುಖ್ಯಸ್ಥರು, ನಮ್ಮ ಎಚ್‌ಓಡಿ, ಕರೆದು, ಎಲೆಕ್ಷನ್ ಹತ್ರ ಬಂತು, ಆ ಟೇಬಲ್ ತೆಗೀರಿ, ಉಳಿದದ್ದೆಲ್ಲ ಚಂದ ಉಂಟು ಅಂದ್ರು. ಮೇಲಿಂದ ಫೋನ್ ಬಂದ ಹಾಗೆ ಕಾಣ್ತದೆ. ನನ್ನ ಪ್ರೊಬೇಷನ್ ಮುಗಿದಿಲ್ಲ. ಮನೆಯವರು, ಡಾಕ್ಟರಿಗೆ ಯಾಕೆ ರಾಜಕೀಯ, ಸುಮ್ನಿರು ಅಂತಾರೆ. ತೆಗೀಲಾ? ಅಥ್ವಾ ಕೆಲಸ ಬಿಟ್ಟು ಪ್ರೈವೇಟಿಗೆ ಹೋಗ್ಲಾ?"

ಡಾಕ್ಟ್ರೇ, ಮೊದಲಿಗೆ ನಿಮ್ಮ ಎಚ್‌ಓಡಿ ಪರವಾಗಿ ಒಂದು ಮಾತು. ಅವರಿಗೂ ಮನೆ ಉಂಟು, ಲೋನ್ ಉಂಟು, ಟ್ರಾನ್ಸ್‌ಫರ್ ಆರ್ಡರ್ ಅಂದ್ರೆ ಎಂತ ಅಂತ ಗೊತ್ತುಂಟು, ಕೆಟ್ಟವರೇ ಆಗಿರ್ಬೇಕು ಅಂತ ಇಲ್ಲ. ಸರಿ, ಅವರ ಪಾಲಿನ ಮರ್ಯಾದೆ ಅಲ್ಲಿಗೆ ಮುಗೀತು. ನಿಮ್ಮ ಮನೆಯವರ ಮಾತಿಗೆ ಮಾತ್ರ ನನಗೆ ಸಿಟ್ಟು ಬಂತು, ನಿಮ್ಮ ಮೇಲೂ ಸ್ವಲ್ಪ, ಎಣ್ಮಕಜೆಯಲ್ಲಿ ಹುಟ್ಟಿ ಬೆಳೆದವರು ಆ ಪ್ರಶ್ನೆಯನ್ನ ಪೇಪರ್ ಮೇಲೆ ಬರೆದು ನನಗೆ ಕಳಿಸೋದಾ ಮಾರಾಯ್ರೆ? ನಿಮ್ಮ ಪಂಚಾಯ್ತಿಯ ತೋಡಿನ ನೀರಿನಲ್ಲೇ ರಾಜಕೀಯ ಇತ್ತು!

ನಾನು ಸಣ್ಣವನಿದ್ದಾಗ ಗೇರು ಹೂ ಬಿಡುವ ಕಾಲಕ್ಕೆ ಹೆಲಿಕಾಪ್ಟರ್ ಬರ್ತಿತ್ತು, ಕೇರಳ ಸರಕಾರದ ಪ್ಲಾಂಟೇಶನ್ ಕಾರ್ಪೊರೇಷನ್ನಿಂದು, ಟೀ ಸೊಳ್ಳೆ ಅನ್ನುವ ಗೇರಿನ ಕೀಟಕ್ಕೆ ಮದ್ದು ಬಿಡ್ಲಿಕ್ಕೆ. ನಾವು ಮಕ್ಕಳು ಶಾಲೆ ಬಿಟ್ಟು ಗುಡ್ಡೆಗೆ ಓಡ್ತಿದ್ವಿ ಅದನ್ನ ನೋಡ್ಲಿಕ್ಕೆ, ಕೈ ಬೀಸ್ತಿದ್ವಿ. ತೋಟ ಗುಡ್ಡೆ ಮೇಲೆ, ಮನೆ ಬಾವಿ ನೀರಿನ ಸುರಂಗ ಎಲ್ಲ ಕೆಳಗೆ, ಮೇಲೆ ಬಿದ್ದದ್ದು ಮಳೆಗೆ ಎಲ್ಲಿಗೆ ಇಳೀತದೆ ಅಂತ ಹೇಳ್ಲಿಕ್ಕೆ ಪಿಎಚ್‌ಡಿ ಬೇಡ. ಎಪ್ಪತ್ತರ ದಶಕದ ಕೊನೆಯಿಂದ 2000ದವರೆಗೆ ಇಪ್ಪತ್ತಕ್ಕೂ ಹೆಚ್ಚು ವರ್ಷ, ನಾಲ್ಕೂವರೆ ಸಾವಿರ ಹೆಕ್ಟೇರಿನಷ್ಟು ಗೇರು ತೋಟದ ಮೇಲೆ ಎಂಡೋಸಲ್ಫಾನ್ ಅನ್ನುವ ಕೀಟನಾಶಕ ಬಿಟ್ರು.

ಆಗ ನಿಮ್ಮ ಎಣ್ಮಕಜೆಯದ್ದೇ ಪಡ್ರೆಯಲ್ಲಿ ಒಬ್ರು ಡಾಕ್ಟ್ರು, ವೈ.ಎಸ್. ಮೋಹನ್ ಕುಮಾರ್. ದೊಡ್ಡ ಕಾಲೇಜಿನ ಪ್ರೊಫೆಸರ್ ಅಲ್ಲ, ಲ್ಯಾಬ್ ಇಲ್ಲ, ಗ್ರ್ಯಾಂಟ್ ಇಲ್ಲ. ಒಂದೇ ತೋಡಿನ ಆಚೀಚೆ ಮನೆಗಳಿಂದ ಅಪಸ್ಮಾರ, ಬುದ್ಧಿ ಬೆಳೆಯದ ಮಕ್ಕಳು, ಮಾನಸಿಕ ಕಾಯಿಲೆ, ಕ್ಯಾನ್ಸರ್ ಇಷ್ಟೊಂದು ಯಾಕೆ ಬರ್ತಾ ಉಂಟು ಅಂತ ಅವರಿಗೆ ಕಂಡಿತು, ಲೆಕ್ಕ ಇಟ್ರು, ತನ್ನ ಕಸುಬಿನವರಿಗೆ ಬರೆದ್ರು. ಪತ್ರಕರ್ತ ಶ್ರೀ ಪಡ್ರೆಯವರು ಅದನ್ನ ಪತ್ರಿಕೆಗಳಿಗೆ ತಂದ್ರು. ಅತ್ಲಾಗಿ ಪೆರಿಯದಲ್ಲಿ ಲೀಲಾಕುಮಾರಿ ಅಮ್ಮ ಸರಕಾರಿ ಕೃಷಿ ಇಲಾಖೆಯ ನೌಕರಿಯಲ್ಲಿ ಇದ್ದುಕೊಂಡೇ 1998ರಲ್ಲಿ ಮದ್ದು ಬಿಡೋದು ನಿಲ್ಲಿಸಿ ಅಂತ ನಮ್ಮ ಜಿಲ್ಲೆಯ ಹೊಸದುರ್ಗ ಮುನ್ಸಿಫ್ ಕೋರ್ಟಿಗೆ ಹೋದ್ರು. ನೌಕರಿ ಬಿಟ್ಟು ಅಲ್ಲ, ನೌಕರಿಯಲ್ಲಿ ಇದ್ದು. ಇದು ನಿಮ್ಮ ಎರಡನೇ ಪ್ರಶ್ನೆಗೆ ಉತ್ತರ, ಮುಂದೆ ಮತ್ತೆ ಬರ್ತೇನೆ.

ಆಮೇಲೆ ಆದದ್ದು ನಿಮಗೇ ಗೊತ್ತಿರ್ಬೇಕು, ಪಠ್ಯದಲ್ಲಿ ಇರ್ಲಿಕ್ಕಿಲ್ಲ. 2001ರಲ್ಲಿ ಕಾರ್ಪೊರೇಷನ್ ತಾನೇ ದುಡ್ಡು ಕೊಟ್ಟು ತಮಿಳುನಾಡಿನ ಒಂದು ಸಂಸ್ಥೆಯಿಂದ ರಿಪೋರ್ಟ್ ಮಾಡಿಸಿತು, ಏನೂ ತೊಂದರೆ ಇಲ್ಲ ಅಂತ ಬಂತು. ಅಹಮದಾಬಾದಿನ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಆಕ್ಯುಪೇಷನಲ್ ಹೆಲ್ತ್‌ನವರು ಬಂದು ಪಡ್ರೆಯ 117 ಹುಡುಗರನ್ನೂ, ಇಪ್ಪತ್ತು ಕಿಲೋಮೀಟರ್ ದೂರದ, ಮದ್ದು ಬೀಳದ ಊರಿನ 90 ಹುಡುಗರನ್ನೂ ಪರೀಕ್ಷೆ ಮಾಡಿದ್ರು. ಪ್ರಾಯಕ್ಕೆ ಬರುವುದು ತಡ ಆಗ್ತದೆ, ಹಾರ್ಮೋನಿನಲ್ಲಿ ವ್ಯತ್ಯಾಸ ಉಂಟು ಅಂತ ಬರೆದ್ರು, 2003ರಲ್ಲಿ ಎನ್ವಿರಾನ್ಮೆಂಟಲ್ ಹೆಲ್ತ್ ಪರ್ಸ್‌ಪೆಕ್ಟಿವ್ಸ್ ಅನ್ನುವ ಜರ್ನಲ್‌ನಲ್ಲಿ ಬಂತು. ಅದೇ ವರ್ಷ ಕೇಂದ್ರದ ದುಬೆ ಕಮಿಟಿ, ಸಂಬಂಧ ಸಾಬೀತಾಗಿಲ್ಲ ಅಂದಿತು. ಒಂದೇ ಊರು, ಅವೇ ಮಕ್ಕಳು! ಕಡೆಗೆ 2011ರ ಏಪ್ರಿಲ್‌ನಲ್ಲಿ ಎಂಡೋಸಲ್ಫಾನ್, ಬೇಗ ಕರಗದ ವಿಷಗಳನ್ನ ಜಗತ್ತಿನಿಂದ ತೆಗೆಯುವ ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿಗೆ ಸೇರಿತು, ಅಲ್ಲಿಯವರೆಗೆ ಬೇಡ ಬೇಡ ಅಂತ ಹಟ ಹಿಡಿದದ್ದು ನಮ್ಮದೇ ದೇಶ. ಮೇ 13ಕ್ಕೆ ಸುಪ್ರೀಂ ಕೋರ್ಟ್ ದೇಶದಲ್ಲಿ ಅದರ ತಯಾರಿಕೆಗೂ ಮಾರಾಟಕ್ಕೂ ತಡೆ ಕೊಟ್ಟಿತು.

ಎಂಡೋಸಲ್ಫಾನ್ ಕಾರಣ ಅಲ್ಲ, ಎಲ್ಲ ಕಾಯಿಲೆಯನ್ನೂ ಅದರ ತಲೆಗೆ ಕಟ್ಟಿದ್ದೀರಿ ಅನ್ನುವ ವಿಜ್ಞಾನಿಗಳೂ ಇದ್ದಾರೆ, ಅವರ ಬಾಯಿ ಮುಚ್ಚಿಸ್ಬೇಕು ಅನ್ನುವವರೂ ಇದ್ದಾರೆ. ಅದೂ ತಪ್ಪು, ಮಾತಾಡ್ಲಿ. ಆದ್ರೆ ಅವರು ಜಗಳ ಆಡ್ಲಿಕ್ಕಾದ್ರೂ ಲೆಕ್ಕ ಬೇಕಲ್ಲ? ಮೋಹನ್ ಕುಮಾರ್ ಬರೆದಿಡದಿದ್ರೆ ಜಗಳವೇ ಇರ್ತಿರ್ಲಿಲ್ಲ, ದೈವದ ಶಾಪ ಅಂತ ತಂಬಿಲ ಕೊಟ್ಟು ಮುಗಿಸ್ತಿದ್ರು. ಕೊಟ್ಟವರೂ ಇದ್ದಾರೆ.

ನಿಮ್ಮ ಆ ಟೇಬಲ್ ಇದ್ಯಲ್ಲ, ಅದು ಎಲ್ಲಿಗೆ ಹೋಗಿ ಮುಟ್ತದೆ ನೋಡಿ. 2017ರ ಮೆಡಿಕಲ್ ಕ್ಯಾಂಪಿನಲ್ಲಿ 1,905 ಜನರನ್ನ ಎಂಡೋಸಲ್ಫಾನ್ ಬಾಧಿತರು ಅಂತ ಗುರುತು ಮಾಡಿದ್ರು, ಸರಕಾರದ ಪಟ್ಟಿ ಹೊರಗೆ ಬರುವಾಗ 287. ಬೊಬ್ಬೆ ಆದ ಮೇಲೆ ಒಂದಷ್ಟು ಹೆಸರು ಸೇರಿಸಿದ್ರು, ಆದ್ರೂ 1,031 ಜನ ಹೊರಗೇ ಉಳಿದ್ರು, ಆ ತಾಯಂದಿರು ಮಕ್ಕಳನ್ನ ಎತ್ಕೊಂಡು ಕಾಂಞಂಗಾಡಿನಲ್ಲಿ ಕೂತ್ರು. 2017ರ ಜನವರಿಯಲ್ಲೇ ಸುಪ್ರೀಂ ಕೋರ್ಟ್ ಬಾಧಿತರಿಗೆ ಮೂರು ತಿಂಗಳಲ್ಲಿ ತಲಾ 5 ಲಕ್ಷ ಕೊಡಿ ಅಂದಿತ್ತು, 2022ರಲ್ಲಿ ಕೋರ್ಟಿನ ಎದುರು ಬಂದ ಲೆಕ್ಕ, 3,704 ಜನರಲ್ಲಿ ಸಿಕ್ಕಿದ್ದು 8 ಮಂದಿಗೆ. ಎಂಟು ಡಾಕ್ಟ್ರೇ! ಎಡದವರೂ ಬಲದವರೂ ನಡುವಿನವರೂ ಎಲ್ಲರೂ ಕೇರಳದಲ್ಲೋ ಕೇಂದ್ರದಲ್ಲೋ ಕುರ್ಚಿಯಲ್ಲಿ ಕೂತವರೇ, ಹಾಗಾಗಿ ನಿಮ್ಮ ಟೇಬಲ್ ಯಾವ ಪಾರ್ಟಿಗೆ ವಿರುದ್ಧ ಅಂತ ನಿಮ್ಮ ಎಚ್‌ಓಡಿ ತಲೆ ಕೆಡಿಸ್ಕೊಳ್ಳೋದು ಬೇಡ, ಎಲ್ಲರಿಗೂ ವಿರುದ್ಧವೇ.

ನನಗೆ ಯಾಕೆ ಇಷ್ಟು ಬಿಸಿ ಅಂದ್ರೆ, ನನ್ನ ದೊಡ್ಡಮ್ಮ ಸಬ್ ಸೆಂಟರಿನಲ್ಲಿ ನರ್ಸ್ ಆಗಿದ್ರು. ಹೆರಿಗೆ ರಿಜಿಸ್ಟರಿನ ರಿಮಾರ್ಕ್ಸ್ ಕಾಲಂನಲ್ಲಿ ತಲೆ ದೊಡ್ಡ, ಬೆರಳು ಕೂಡಿದೆ ಅಂತ ಬರೆದದ್ದಕ್ಕೆ ಮೇಲಿನವರೊಬ್ರು, ನೀವು ಡಾಕ್ಟ್ರಾ, ಕಾಲಂ ಖಾಲಿ ಬಿಡಿ ಅಂದ್ರಂತೆ. ಅವರು ಖಾಲಿ ಬಿಟ್ರು. ಸಂಜೆ ಮನೆಗೆ ಬಂದು ಜಗಲಿಯಲ್ಲಿ ಕೂತು ರೇಶನ್ ಅಂಗಡಿಯವರು ಇಡುವಂಥ ಉದ್ದದ ಪುಸ್ತಕದಲ್ಲಿ ಕನ್ನಡದಲ್ಲಿ ಬರೀತಿದ್ರು, ತಾರೀಕು, ಮನೆ ಹೆಸರು, ತೋಡಿನಿಂದ ಎಷ್ಟು ದೂರ. ಹನ್ನೊಂದು ವರ್ಷದ್ದು. ಸಾಯುವ ಮೊದಲು ನನ್ನ ಕೈಗೆ ಕೊಟ್ಟು, ನೀನು ಪತ್ರಿಕೆಯವ, ಇದಕ್ಕೆ ಏನಾದ್ರೂ ದಾರಿ ಮಾಡು ಅಂದ್ರು. ನಾನು ಅಟ್ಟದಲ್ಲಿ ಇಟ್ಟೆ, ಮುಂದಿನ ವಾರ ನೋಡುವ, ಸಂಚಿಕೆ ಮುಗೀಲಿ, ಮಳೆಗಾಲ ಮುಗೀಲಿ ಅಂತ. ಮೂರನೇ ಮಳೆಗಾಲಕ್ಕೆ ತೆಗೆದಾಗ ಗೆದ್ದಲು ನಡುವಿನ ಪುಟಗಳನ್ನೆಲ್ಲ ತಿಂದಿತ್ತು, ರಟ್ಟು ಮಾತ್ರ ಗಟ್ಟಿ. ಆ ಮೇಲಿನವರು ಖಾಲಿ ಬಿಡಿಸಿದ್ದು ಒಂದು ಕಾಲಂ, ನಾನು ಖಾಲಿ ಮಾಡಿದ್ದು ಹನ್ನೊಂದು ವರ್ಷ. ಇದನ್ನ ಈವರೆಗೆ ಈ ಅಂಕಣದಲ್ಲಿ ಬರೆದಿರ್ಲಿಲ್ಲ.

ಲೆಕ್ಕ ಇಡದ ಸಾವು ಇನ್ನೂ ಹತ್ತಿರದ್ದು ಉಂಟು. 2020ರ ಮಾರ್ಚ್ ಕೊನೆಗೆ, ಕೋವಿಡ್ ಅಂತ, ಕರ್ನಾಟಕದವರು ತಲಪಾಡಿಯಲ್ಲಿ ಕೇರಳದ ಗಡಿ ಮುಚ್ಚಿದ್ರು, ಒಳರಸ್ತೆಗಳಿಗೆ ಮಣ್ಣು ಸುರಿದ್ರು. ಮಂಜೇಶ್ವರದವರಿಗೆ ಡಯಾಲಿಸಿಸ್, ಹಾರ್ಟ್, ಹೆರಿಗೆ ಎಲ್ಲದಕ್ಕೂ ಮಂಗಳೂರೇ ಗತಿ, ಆಂಬುಲೆನ್ಸ್ ವಾಪಸ್ ಹೋಗಿ ಜನ ಸತ್ರು. ಏಪ್ರಿಲ್ 1ಕ್ಕೆ ಕೇರಳ ಹೈಕೋರ್ಟ್ ದಾರಿ ಬಿಡಿಸಿ ಅಂದ್ರೂ ಸುಪ್ರೀಂ ಕೋರ್ಟ್‌ವರೆಗೆ ಎಳೆದಾಟ. ನನ್ನ ಪರಿಚಯದ ಡಾಕ್ಟ್ರೊಬ್ರು ಹೇಳಿದ್ರು, ಅವರ ಆಸ್ಪತ್ರೆಯಲ್ಲಿ ಆಧಾರ್ ಕಾರ್ಡಿನ ಪಿನ್‌ಕೋಡ್ ಕಾಸರಗೋಡಿನ 671ರಿಂದ ಶುರುವಾದ್ರೆ ಅಡ್ಮಿಷನ್ ಕೌಂಟರಿನಲ್ಲೇ ನಿಲ್ಲಿಸ್ತಿದ್ರಂತೆ, ಬಾಯಲ್ಲೇ ಹೇಳಿದ್ದು, ಕಾಗದದಲ್ಲಿ ಇಲ್ಲ. ವಾಪಸ್ ಕಳಿಸಿದವರ ಪಟ್ಟಿ ಇಟ್ಟಿದ್ದೀರಾ ಅಂತ ಕೇಳಿದೆ. ಇಲ್ಲ ಅಂದ್ರು. ನಾವು ಕಾಸರಗೋಡಿನವರು, ಅಲ್ಲಿ ಹೋದ್ರೆ ಕೇರಳದವರು, ಇಲ್ಲಿ ಕ್ಯಾಂಪಿಗೆ ಹೋದ್ರೆ ಫಾರಂ ಮಲಯಾಳದಲ್ಲಿ. ತುಳುವಿನಲ್ಲಿ ನೋವು ಹೇಳುವ ಅಜ್ಜಿಯದ್ದು ಆಶಾ ಕಾರ್ಯಕರ್ತೆ ಕನ್ನಡಕ್ಕೆ ತಂದು, ಇನ್ನೊಬ್ರು ಮಲಯಾಳಕ್ಕೆ ತಂದು, ಡಾಕ್ಟ್ರು ಇಂಗ್ಲಿಷಿನಲ್ಲಿ ಬರೆಯುವಾಗ ಅಜ್ಜಿಯ ನೋವು ಯಾವುದೋ ಬೇರೆ ಅಜ್ಜಿಯದ್ದು ಆಗಿರ್ತದೆ. ನಮ್ಮ ಜಿಲ್ಲೆಯದ್ದೇ ಉಕ್ಕಿನಡ್ಕದ ಮೆಡಿಕಲ್ ಕಾಲೇಜಿಗೆ 2013ರಲ್ಲಿ ಕಲ್ಲು ಹಾಕಿದ್ರು, ರೋಗಿಗಳ ಮುಖ ನೋಡಿದ್ದು 2020ರ ಕೋವಿಡ್‌ಗೆ.

ಕಾಲೇಜಿನ ಒತ್ತಡ ನಿಮ್ಮೊಬ್ಬರದ್ದೇ ಅಂತಲೂ ಅಂದ್ಕೊಳ್ಬೇಡಿ. ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ 2019ರಲ್ಲಿ ಸಂಶೋಧನೆಯ ವಿಷಯ ರಾಷ್ಟ್ರೀಯ ಆದ್ಯತೆಯದ್ದೇ ಆಗಿರ್ಬೇಕು ಅಂತ ಸರ್ಕ್ಯುಲರ್ ಬಂದಾಗ ಮೀನಾ ಟಿ. ಪಿಳ್ಳೈ ಅನ್ನುವ ಪ್ರೊಫೆಸರ್ ಅಲ್ಲಿಯ ಬೋರ್ಡ್ ಆಫ್ ಸ್ಟಡೀಸ್‌ಗೆ ರಾಜೀನಾಮೆ ಕೊಟ್ರು. 2021ರಲ್ಲಿ ಕ್ಲಾಸಿನಲ್ಲಿ ಹೇಳಿದ ಮಾತಿಗೆ ಒಬ್ಬ ಅಧ್ಯಾಪಕರು ಸಸ್ಪೆಂಡ್ ಆದ್ರು. ಆ ಆದ್ಯತೆಯ ಪಟ್ಟಿಯಲ್ಲಿ ಪಡ್ರೆಯ ತೋಡು ಎಷ್ಟನೇ ನಂಬರಿನಲ್ಲಿ ಉಂಟೋ ನೋಡ್ಬೇಕಿತ್ತು ನನಗೆ.

ರಾಜೀನಾಮೆ ಕೊಟ್ಟವರ ಬಗ್ಗೆ ನನಗೆ ಗೌರವ ಉಂಟು. ಆದ್ರೆ ನೀವು ಕೊಡ್ಬೇಡಿ. ಪ್ರೈವೇಟಿಗೆ ಹೋದ್ರೆ ಸಂಬಳ ಬರ್ಬಹುದು, ಸರ್ವೆಗೆ ಹಳ್ಳಿಗೆ ಯಾರು ಕಳಿಸ್ತಾರೆ ನಿಮ್ಮನ್ನ? ಟೇಬಲ್ ತೆಗೀರಿ ಅಂತ ಅವರು ಬಾಯಲ್ಲಿ ಹೇಳಿದ್ದಲ್ವಾ, ನೀವು ಒಂದು ಇ-ಮೇಲ್ ಹಾಕಿ, ವಿನಯವಾಗಿಯೇ, ಸರ್, ಇಂಥ ದಿನ ತಾವು ಟೇಬಲ್ ನಾಲ್ಕನ್ನ ತೆಗೀಲಿಕ್ಕೆ ಹೇಳಿದ್ರಿ, ಕಾರಣ ತಿಳಿಸಿದ್ರೆ ಪೇಪರಿನಲ್ಲಿ ನಮೂದಿಸ್ತೇನೆ ಅಂತ. ಅರ್ಧದಷ್ಟು ಮೇಲಿನವರು ಅಲ್ಲಿಗೇ ತಣ್ಣಗಾಗ್ತಾರೆ, ಬರವಣಿಗೆ ಅಂದ್ರೆ ಅವರಿಗೂ ಭಯ. ತಣ್ಣಗಾಗದಿದ್ರೆ ಪೇಪರ್ ಸ್ವಲ್ಪ ತಡ ಆಗ್ಲಿ, ಆದ್ರೆ ಟೇಬಲ್ ಕಿತ್ತ ಪೇಪರಿಗೆ ನಿಮ್ಮ ಹೆಸರು ಬೇಡ. ಎಥಿಕ್ಸ್ ಕಮಿಟಿಗೆ ಕೊಟ್ಟ ಪ್ರೋಟೋಕಾಲ್‌ನಲ್ಲಿ ಆ ಪ್ರಶ್ನೆ ಇತ್ತಾ ನೋಡಿ, ಇದ್ರೆ ಅದೇ ನಿಮ್ಮ ಗಟ್ಟಿ ನೆಲ. ರೋಗಿಗಳ ಹೆಸರು ಮಾತ್ರ ಯಾರ ಕೈಗೂ ಹೋಗ್ಬಾರ್ದು, ನನ್ನ ಕೈಗೂ.

ಮತ್ತೆ, ಅಕ್ಟೋಬರ್ ಸಂಚಿಕೆ ಸಿಗ್ಲಿಲ್ಲ ಅಂತ ಪತ್ರದ ಅಂಚಿನಲ್ಲಿ ಸಣ್ಣಕ್ಷರದಲ್ಲಿ ಬರೆದಿದ್ದೀರಿ. ನಿಮ್ಮ ಚಂದಾ ಆಗಸ್ಟಿಗೇ ಮುಗಿದಿತ್ತು, ಆದ್ರೂ ಎರಡು ಪ್ರತಿ ಅಂಚೆಗೆ ಹಾಕಿದ್ದೇನೆ, ಒಂದು ನಿಮ್ಮ ಮನೆಯವರಿಗೆ.